ಶುಕ್ರವಾರದ ಹಾಲು

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸಮ್ಮಿಲನದಲ್ಲಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಎರಡು ತಿಂಗಳ ಹಿಂದೆ ನಿಮ್ಮ ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, "ಅಕ್ಕಾ, ನೀವು ಆಫ್ರಿಕಾದಲ್ಲಿ ನಾಲ್ಕು ವರ್ಷ ಪಾಠ ಹೇಳಿ ಬಂದವರು. ಈಗ ನಮ್ಮ ಮನೆಮನೆಯ ಮಕ್ಕಳೂ ಅಮೆರಿಕ, ಜರ್ಮನಿ ಎಂದು ಹೊರಟು ನಿಂತಿದ್ದಾರೆ. ಪರದೇಶದಲ್ಲಿ ಆಚಾರವನ್ನು ಹೇಗೆ ಕಾಪಾಡಿಕೊಂಡಿರಿ ಎಂಬುದನ್ನು ಅವರಿಗೆ ತಿಳಿಸಿಕೊಡಬೇಕು" ಎಂದು ಕೇಳಿಕೊಂಡರು. ಮರ್ಯಾದೆಗೆ ಒಪ್ಪಿಕೊಂಡೆ. ಒಪ್ಪಿದ ರಾತ್ರಿ ನಿದ್ದೆ ಬರಲಿಲ್ಲ. ಆಚಾರವನ್ನು ಕಾಪಾಡಿಕೊಂಡ ಕಥೆಯನ್ನು ಹೇಳಹೊರಟರೆ ಅದು ತಪ್ಪಿದ ಕಥೆಯನ್ನೂ ಹೇಳಬೇಕಾಗುತ್ತದೆ. ಅದನ್ನು ಬಲ್ಲವರು ಇಬ್ಬರೇ, ನಮ್ಮ ಯಜಮಾನರು ಮತ್ತು ನಮ್ಮ ಅತ್ತೆಯವರು. ಇಬ್ಬರೂ ಈಗ ಇಲ್ಲ. ಆದುದರಿಂದ ನಾನು ಹೇಳದೆ ಹೋದರೆ ಅದು ನನ್ನೊಡನೆಯೇ ಮುಗಿದುಹೋಗುತ್ತದೆ.

ನಾನು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ಸೊಸೆ. ನಮ್ಮ ಯಜಮಾನರು ಭೌತಶಾಸ್ತ್ರ, ನಾನು ಗಣಿತ. 1982ರ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಇಥಿಯೋಪಿಯಾದ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಶಿಕ್ಷಕರಾಗಿ ಹೋದೆವು. ಭಾರತೀಯ ಶಿಕ್ಷಕರಿಗೆ ಆ ದೇಶ ಹೊಸದಾಗಿರಲಿಲ್ಲ. ಚಕ್ರವರ್ತಿ ಹೈಲೆ ಸೆಲಾಸ್ಸಿಯ ಕಾಲದಿಂದಲೂ ನಮ್ಮವರು, ಅದರಲ್ಲೂ ಕೇರಳದವರು, ಅಲ್ಲಿಯ ಊರೂರಿನ ಶಾಲೆಗಳಲ್ಲಿದ್ದರು. 1974ರಲ್ಲಿ ಚಕ್ರವರ್ತಿ ಪದಚ್ಯುತನಾಗಿ ಸೈನಿಕರ ಆಡಳಿತ ಬಂದ ಮೇಲೂ ಆ ಪದ್ಧತಿ ನಿಲ್ಲಲಿಲ್ಲ. ನಮಗೆ ದೊರೆತ ಊರು ದೆಸ್ಸೀ. ರಾಜಧಾನಿ ಅಡಿಸ್ ಅಬಾಬಾದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರ, 2,500 ಮೀಟರಿನಷ್ಟು ಎತ್ತರದಲ್ಲಿ ಬೆಟ್ಟಗಳ ನಡುವೆ ಇರುವ ಪಟ್ಟಣ, ಆಗಿನ ವೊಲ್ಲೋ ಪ್ರಾಂತದ ಮುಖ್ಯ ಊರು. ಆಫ್ರಿಕಾ ಎಂದರೆ ಸುಡುಬಿಸಿಲು ಎಂದು ತಿಳಿದು ಹತ್ತಿ ಸೀರೆಗಳನ್ನೇ ಕಟ್ಟಿಕೊಂಡು ಹೋಗಿದ್ದ ನಾನು ಮೊದಲ ವಾರವೇ ಸಂತೆಗೆ ಹೋಗಿ ಕಂಬಳಿ ಕೊಂಡೆ.

ಮೊದಲ ದಿನವೇ ನಾನು ಶಾಲೆಗೆ ಆರು ಗಂಟೆ ತಡವಾಗಿ ಹೋದೆ. "ನಾಳೆ ಎರಡು ಗಂಟೆಗೆ ಬನ್ನಿ" ಎಂದು ಮುಖ್ಯೋಪಾಧ್ಯಾಯರು ಹೇಳಿ ಕಳುಹಿಸಿದ್ದರು. ಮಧ್ಯಾಹ್ನದ ಪಾಳಿ ಇರಬಹುದೆಂದು ನಾನು ಊಟ ಮುಗಿಸಿ, ಸೀರೆಯ ನೆರಿಗೆ ಸರಿಪಡಿಸಿಕೊಂಡು ಎರಡಕ್ಕೆ ಸರಿಯಾಗಿ ಹೋದರೆ ಅವರು ಕೈಗಡಿಯಾರವನ್ನು ತೋರಿಸಿ ನಕ್ಕರು. ಅವರ ಗಡಿಯಾರದಲ್ಲಿ ಆಗ ಎಂಟು! ಆ ದೇಶದಲ್ಲಿ ದಿನದ ಎಣಿಕೆ ಆರಂಭವಾಗುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಅವರ ಒಂದು ಗಂಟೆ. ನಮ್ಮ ಎಂಟು ಅವರ ಎರಡು. ಸಂಜೆ ಹೊತ್ತು ಮುಳುಗುವಾಗ ಹನ್ನೆರಡು. ಯೋಚಿಸಿದರೆ ಇದರಲ್ಲಿ ವಿಚಿತ್ರವೇನಿದೆ? ನಮ್ಮ ಅಜ್ಜಂದಿರು ಸೂರ್ಯೋದಯದಿಂದಲೇ ಗಳಿಗೆಗಳನ್ನು ಎಣಿಸುತ್ತಿದ್ದವರಲ್ಲವೇ? ನಾನು ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ ಎಂಬ ನೇಮವನ್ನು ಅಲ್ಲಿಯವರಿಗೆ ತಿಳಿಸುವುದು ಬಹಳ ಸುಲಭವಾಯಿತು. "ಹನ್ನೆರಡರ ಮೇಲೆ ಇಲ್ಲ" ಎಂದರೆ ಸಾಕಿತ್ತು.

ಪಂಚಾಂಗವೂ ಬೇರೆ. ಸೆಪ್ಟೆಂಬರ್ 11ಕ್ಕೆ ಅವರ ಹೊಸ ವರ್ಷ. ನಾವು ಹೋದಾಗ ಅವರಿಗೆ 1975. ಮೂವತ್ತು ದಿನಗಳ ಹನ್ನೆರಡು ತಿಂಗಳು, ಕೊನೆಗೆ ಐದಾರು ದಿನಗಳ ಹದಿಮೂರನೆಯ ತಿಂಗಳೊಂದು. ಅದಕ್ಕೆ ಪಾಗುಮೆ ಎಂದು ಹೆಸರು. ಹದಿಮೂರು ತಿಂಗಳ ಬಿಸಿಲಿನ ನಾಡು ಎಂದು ಅವರ ಪ್ರವಾಸೋದ್ಯಮದವರು ಜಾಹೀರಾತು ಮಾಡುತ್ತಿದ್ದರು. ಹದಿಮೂರನೆಯ ತಿಂಗಳಿಗೆ ಸಂಬಳವಿಲ್ಲ ಎಂಬುದನ್ನು ಮಾತ್ರ ಜಾಹೀರಾತಿನಲ್ಲಿ ಬರೆದಿರಲಿಲ್ಲ.

ತರಗತಿಯ ವಿಚಾರಕ್ಕೆ ಬರುತ್ತೇನೆ. ಒಂದು ಕೋಣೆಯಲ್ಲಿ 68 ಮಕ್ಕಳು. ಏಳನೆಯ ತರಗತಿಯಿಂದ ಬೋಧನೆ ಇಂಗ್ಲಿಷಿನಲ್ಲಿ. ನಾನು ಸಮೀಕರಣವೊಂದನ್ನು ಬಿಡಿಸಿ, "ತಿಳಿಯಿತೇ?" ಎಂದು ಕೇಳಿದೆ. ಇಡೀ ತರಗತಿ ಗಕ್ಕನೆ ಉಸಿರನ್ನು ಒಳಗೆಳೆದುಕೊಂಡಿತು. ಹಾವೋ ಚೇಳೋ ಬಂತೆಂದು ನಾನು ಹೌಹಾರಿ ಹಿಂದೆ ತಿರುಗಿ ನೋಡಿದೆ. ಏನೂ ಇರಲಿಲ್ಲ. ಮತ್ತೆ ಕೇಳಿದೆ, ಮತ್ತೆ ಅದೇ ಉಸಿರು. ಆ ನಾಡಿನಲ್ಲಿ 'ಹೌದು' ಎನ್ನುವುದೇ ಹಾಗೆ, ಬಾಯಿಯಿಂದ ಚಿಕ್ಕದಾಗಿ ಉಸಿರೆಳೆದು. ವರ್ಷ ಕಳೆಯುವುದರೊಳಗೆ ನನಗೂ ಅದು ಅಂಟಿಕೊಂಡಿತು. ಊರಿಗೆ ಬಂದ ಮೇಲೆ ನಮ್ಮ ಅತ್ತೆಯವರು ಏನಾದರೂ ಕೇಳಿದಾಗ ನಾನು ಹಾಗೆ ಉಸಿರೆಳೆದರೆ, "ಎದಿ ನೋಯ್ತದೇನವಾ?" ಎಂದು ಕಳವಳಪಡುತ್ತಿದ್ದರು.

ಅವರ ಲಿಪಿಗೆ ಫಿದೆಲ್ ಎಂದು ಹೆಸರು. ಮೂಲಾಕ್ಷರಗಳು 33, ಪ್ರತಿಯೊಂದಕ್ಕೂ ಸ್ವರ ಸೇರಿದಾಗ ಏಳು ರೂಪ, ಒಟ್ಟು 231. ಮಾರುಕಟ್ಟೆಯಲ್ಲಿ ಅದರ ಪಟ ಸಿಗುತ್ತಿತ್ತು. ಅಡಿಗೆಮನೆಯ ಗೋಡೆಗೆ ಅಂಟಿಸಿಕೊಂಡು, ಒಲೆಯ ಮುಂದೆ ನಿಂತು, ನಮ್ಮ ಕಾಗುಣಿತದಂತೆಯೇ ಸಾಲುಸಾಲಾಗಿ ಹೇಳಿಕೊಳ್ಳುತ್ತಿದ್ದೆ. ಇಂಗ್ಲಿಷ್ ಕಲಿತಾಗ ಆಗದಿದ್ದ ಸಲಿಗೆಯೊಂದು ಆ ಅಕ್ಷರಗಳೊಡನೆ ಆಯಿತು. ಚರ್ಚಿನ ಅಂಗಳದಲ್ಲಿ ಪುಟ್ಟ ಮಕ್ಕಳು ಪಾದ್ರಿಯ ಮುಂದೆ ಕುಳಿತು ಫಿದೆಲನ್ನು ರಾಗವಾಗಿ ಒಪ್ಪಿಸುವುದನ್ನು ಕೇಳಿದಾಗ ನನ್ನ ಕನ್ನಡ ಶಾಲೆಯ ಮಗ್ಗಿಯ ಸಂಜೆಗಳೇ ನೆನಪಾಗುತ್ತಿದ್ದವು.

ಹೆಸರಿನ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ಅವರಲ್ಲಿ ಮನೆತನದ ಹೆಸರಿಲ್ಲ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಓಡಿ ಗೆದ್ದ ಅಬೆಬೆ ಬಿಕಿಲಾನನ್ನು ನೀವು ಕೇಳಿರಬೇಕು. ಅವನ ಹೆಸರು ಅಬೆಬೆ. ಬಿಕಿಲಾ ಎಂಬುದು ತಂದೆಯ ಹೆಸರು. ಹೆಣ್ಣುಮಕ್ಕಳಿಗೂ ಹಾಗೆಯೇ. ಮದುವೆಯಾದ ಮೇಲೂ ತಂದೆಯ ಹೆಸರು ಅವಳನ್ನು ಬಿಡುವುದಿಲ್ಲ. ಹನ್ನೊಂದನೆಯ ತರಗತಿಯ ಹುಡುಗಿಯೊಬ್ಬಳಿಗೆ ನಾನು, ಮದುವೆಯ ದಿನ ಅಕ್ಕಿಯ ತಟ್ಟೆಯಲ್ಲಿ ಬರೆದು ನನ್ನ ಹೆಸರನ್ನೇ ಬದಲಿಸಿದರು, ತಂದೆಯ ಹೆಸರೂ ಹೋಯಿತು, ಮನೆತನದ ಹೆಸರೂ ಹೋಯಿತು ಎಂದು ಸಹಜವಾಗಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರ್, ಹಾಗಾದರೆ ನಿಮ್ಮ ಸರ್ಟಿಫಿಕೇಟುಗಳಲ್ಲಿರುವವಳು ಯಾರು?" ಎಂದು ಕೇಳಿದಳು. ಹಳೆಯ ಹೆಸರಿನ ಪದವಿ ಪತ್ರಕ್ಕೆ ಅಫಿಡವಿಟ್ ಜೋಡಿಸಿಕೊಂಡೇ ನಾನು ಆ ದೇಶಕ್ಕೆ ಹೋಗಿದ್ದೆ. ನಮ್ಮ ಸಮಾಜದ ವಧೂವರರ ಸಮಾವೇಶಗಳಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಎತ್ತಿದರೆ ನನಗೆ ಸಂತೋಷವಾಗುತ್ತದೆ. ಇಂದು ಅದು ನನ್ನ ವಿಷಯವಲ್ಲ.

ನನ್ನ ವಿಷಯ ಊಟ.

ನಾನು ಹೋಗುವಾಗ ನನ್ನೊಳಗೆ ಒಂದು ಗರ್ವವಿತ್ತು. ಮಾಂಸ ತಿನ್ನುವವರ ನಾಡಿಗೆ ಹೋಗುತ್ತಿದ್ದೇನೆ, ಅಲ್ಲಿ ನಾನೊಬ್ಬಳೇ ಸಂಯಮಿ ಎಂದು. ಹೋದ ಮೊದಲ ಬುಧವಾರ ಶಿಕ್ಷಕರ ಕೋಣೆಯಲ್ಲಿ ಯಾರೂ ಚಹಾಕ್ಕೆ ಹಾಲು ಹಾಕಿಕೊಳ್ಳಲಿಲ್ಲ. ಶುಕ್ರವಾರವೂ ಹಾಗೆಯೇ. ಕೇಳಿದರೆ 'ತ್ಸೋಮ್' ಎಂದರು. ತ್ಸೋಮ್ ಎಂದರೆ ಉಪವಾಸ. ಅಲ್ಲಿಯ ಸನಾತನ ಕ್ರೈಸ್ತರು ಬುಧವಾರ ಮತ್ತು ಶುಕ್ರವಾರಗಳಂದು ಮಾಂಸವಿರಲಿ, ಮೊಟ್ಟೆ, ಹಾಲು, ಬೆಣ್ಣೆ, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಈಸ್ಟರಿಗೆ ಮುಂಚಿನ 55 ದಿನಗಳು ಸತತವಾಗಿ ಹೀಗೆಯೇ. ಅದಕ್ಕೆ ಹುದಾದೆ ಎನ್ನುತ್ತಾರೆ. ಆಗಸ್ಟಿನಲ್ಲಿ ಇನ್ನೊಂದು, ಅವರ ಕ್ರಿಸ್ಮಸ್ಸಿಗೆ ಮುಂಚೆ ಮತ್ತೊಂದು. ಎಲ್ಲವನ್ನೂ ಕೂಡಿಸಿದರೆ ಸಾಮಾನ್ಯ ಗೃಹಸ್ಥನಿಗೆ ವರ್ಷದಲ್ಲಿ ಸುಮಾರು 180 ದಿನ, ಪಾದ್ರಿಗಳಿಗೂ ಸನ್ಯಾಸಿಗಳಿಗೂ ಸುಮಾರು 250. ನಿಷ್ಠರಾದವರು ಆ ದಿನಗಳಲ್ಲಿ ಮಧ್ಯಾಹ್ನ ಮೂರರವರೆಗೆ ನೀರನ್ನೂ ಕುಡಿಯುವುದಿಲ್ಲ, ನಮ್ಮ ಏಕಾಶನದವರು ತಲೆದೂಗಬೇಕಾದಷ್ಟು. ಅದೇ ಶಾಲೆಯಲ್ಲಿ ಮುಸಲ್ಮಾನ ಮಕ್ಕಳೂ ಅನೇಕರಿದ್ದರು. ಅವರಿಗೆ ರಂಜಾನಿನ ಉಪವಾಸ. ವೊಲ್ಲೋದಲ್ಲಿ ಇಬ್ಬರೂ ಬಹುಕಾಲದಿಂದ ಕೂಡಿ ಬಾಳಿದವರು. ಆದರೆ ಒಬ್ಬರು ಕೊಯ್ದ ಮಾಂಸವನ್ನು ಇನ್ನೊಬ್ಬರು ತಿನ್ನುವುದಿಲ್ಲ. ಹೀಗಾಗಿ ಮದುವೆಯ ಮನೆಗಳಲ್ಲಿ ಇಬ್ಬರೂ ಸಂಕೋಚವಿಲ್ಲದೆ ಕೈಹಾಕಬಹುದಾದ ತಟ್ಟೆ ಎಂದರೆ ತ್ಸೋಮ್ ಅಡಿಗೆಯ ತಟ್ಟೆ. ಬೇಳೆ, ಕಾಳು, ಸೊಪ್ಪು, ಎಣ್ಣೆ. ಆ ಎಣ್ಣೆ ಯಾವುದೆಂದುಕೊಂಡಿರಿ? ನಮ್ಮ ಗುರೆಳ್ಳು! ಅವರು ಅದನ್ನು ನುಗ್ ಎನ್ನುತ್ತಾರೆ. ಅದರ ಮೂಲ ನೆಲವೇ ಆ ಎತ್ತರದ ಸೀಮೆ. ದೆಸ್ಸೀಯ ಸಂತೆಯಲ್ಲಿ ಆ ಕರಿಯ ಕಾಳುಗಳ ರಾಶಿಯನ್ನು ಕಂಡು, ಅತ್ತೆಯವರ ಗುರೆಳ್ಳು ಚಟ್ನಿ ನೆನಪಾಗಿ, ಗಂಟಲು ಕಟ್ಟಿ ನಿಂತುಬಿಟ್ಟೆ. ಮಾರುವವಳು ಏನು ತಿಳಿದಳೋ, ಒಂದು ಹಿಡಿ ಹೆಚ್ಚಿಗೆ ಹಾಕಿಕೊಟ್ಟಳು.

ಒಂದು ಶುಕ್ರವಾರ ಬಂದ ಚತುರ್ದಶಿ ನನ್ನ ಗರ್ವಕ್ಕೆ ಮೊದಲ ಪೆಟ್ಟು ಕೊಟ್ಟಿತು. ಇಂದು ನನಗೂ ತ್ಸೋಮ್ ಎಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳಿದ್ದೆ. ನನ್ನದು ಏಕಾಶನ, ಒಂದೇ ಹೊತ್ತು. ಮಧ್ಯಾಹ್ನ ಡಬ್ಬಿ ತೆರೆದು ಮೊಸರನ್ನ ಉಣ್ಣುತ್ತಿದ್ದಾಗ ಬಾಗಿಲಲ್ಲಿ ಇಬ್ಬರು ಹುಡುಗಿಯರು ಇಣುಕಿದರು. ಮುಖದಲ್ಲಿ ದಿಗಿಲು. "ಟೀಚರ್, ಅದು ಹಾಲಿನದಲ್ಲವೇ? ತ್ಸೋಮ್ ಎಂದಿರಲ್ಲ?" ನಾನು ವಿವರಿಸಲು ನೋಡಿದೆ: ನಮ್ಮಲ್ಲಿ ಹಾಲಿಗೆ ನಿಷೇಧವಿಲ್ಲ, ನೆಲದೊಳಗೆ ಬೆಳೆಯುವ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗೆ ನಿಷೇಧ. ಅವರಿಗೆ ನಗು ತಡೆಯಲಾಗಲಿಲ್ಲ. ಈರುಳ್ಳಿಗೆ ಯಾವ ಪಾಪ ಟೀಚರ್? ಅವರ ಉಪವಾಸದ ಅಡಿಗೆಯೇ ಈರುಳ್ಳಿಯನ್ನು ಎಣ್ಣೆಯಿಲ್ಲದೆ ನಿಧಾನವಾಗಿ ಬಾಡಿಸುವುದರಿಂದ ಆರಂಭವಾಗುತ್ತದೆ. ಅದರ ಮೇಲೆ ಬೆರ್ಬೆರೆ ಎಂಬ ಖಾರದ ಪುಡಿ, ಅದರಲ್ಲಿ ಬೆಳ್ಳುಳ್ಳಿ. ಜೊತೆಗೆ ಇಂಜೆರಾ, ತೆಫ್ ಎಂಬ ಸಾಸಿವೆಗಿಂತ ಸಣ್ಣ ಧಾನ್ಯದ ಹಿಟ್ಟನ್ನು ಮೂರು ದಿನ ಹುಳಿಯಿಸಿ ಹೊಯ್ದ ದೊಡ್ಡ ದೋಸೆಯಂಥದು. ಒಂದು ರಾತ್ರಿ ಕಳೆದ ಹಿಟ್ಟನ್ನೂ ಚೆಲ್ಲುವ ಮನೆಯಿಂದ ಬಂದವಳು ನಾನು. ಅಂದರೆ ಅವರ ಶುದ್ಧವಾದ ತಟ್ಟೆ ನನಗೆ ನಿಷಿದ್ಧ, ನನ್ನ ಶುದ್ಧವಾದ ತಟ್ಟೆ ಅವರಿಗೆ ನಿಷಿದ್ಧ.

ಇದನ್ನು ಒಗಟೆಂದು ನಕ್ಕು ಬಿಡಬಹುದಿತ್ತು. ಆದರೆ ನಾನು ಬಿಡಲಿಲ್ಲ. ನನ್ನದೇ ಮೇಲು ಎಂದು ಸಾಧಿಸಲು ಹೊರಟೆ. ಈಸ್ಟರಿನ ಮರುದಿನ ಶಿಕ್ಷಕರ ಔತಣವೊಂದರಲ್ಲಿ ಹಸಿಮಾಂಸವನ್ನು ತೂಗುಹಾಕಿ, ಕೊಯ್ದುಕೊಂಡು ತಿನ್ನುವುದನ್ನು ಕಂಡು ನಾನು ಹೊರಗೆ ಬಂದು ಕುಳಿತೆ. ಇತಿಹಾಸದ ಮಾಸ್ತರರು ನೀರು ತಂದುಕೊಟ್ಟು ವಿಚಾರಿಸಿದರು. ಹಿಂಸೆ ಎಂಬ ಶಬ್ದದ ಅರ್ಥವನ್ನು ನಾನು ಅವರಿಗೆ ಅರ್ಧ ಗಂಟೆ ಬೋಧಿಸಿದೆ. ಕೊನೆಯವರೆಗೂ ಸಮಾಧಾನದಿಂದ ಕೇಳಿದ ಅವರು, "ನೀವು ದಿನವೂ ಹಾಲು ಕುಡಿಯುತ್ತೀರಿ. ಆ ದಿನ ಕರು ಏನು ಕುಡಿಯುತ್ತದೆ?" ಎಂದು ಒಂದೇ ಪ್ರಶ್ನೆ ಕೇಳಿದರು. ವಾದಕ್ಕಾಗಿ ಕೇಳಿದ್ದಲ್ಲ, ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ನಾನು ಏನೋ ಉತ್ತರ ಕೊಟ್ಟೆ. ಏನು ಕೊಟ್ಟೆನೆಂದು ಈಗ ನೆನಪಿಲ್ಲ. ನೆನಪಿಡುವಂಥ ಉತ್ತರವಾಗಿದ್ದರೆ ಉಳಿಯುತ್ತಿತ್ತು.

ಇನ್ನೊಂದು ಸಂಗತಿ. ಆ ನಾಡಿನಲ್ಲಿ ಗುರ್ಶಾ ಎಂಬ ಪದ್ಧತಿಯಿದೆ. ಎಲ್ಲರೂ ಒಂದೇ ತಟ್ಟೆಯ ಸುತ್ತ ಕುಳಿತು ಉಣ್ಣುವಾಗ, ಮನೆಯವರು ಇಂಜೆರಾದ ತುಣುಕಿನಲ್ಲಿ ಪಲ್ಯವನ್ನು ಸುತ್ತಿ, ತಮ್ಮ ಕೈಯಿಂದಲೇ ಅತಿಥಿಯ ಬಾಯಿಗೆ ಇಡುತ್ತಾರೆ. ಪ್ರೀತಿಗೂ ಗೌರವಕ್ಕೂ ಅದಕ್ಕಿಂತ ದೊಡ್ಡ ಗುರುತಿಲ್ಲ. ನಮ್ಮಲ್ಲಿ ತಾಯಿ ಮಗುವಿಗೆ, ಮದುವೆಯಲ್ಲಿ ವಧೂವರರು ಪರಸ್ಪರ ತುತ್ತು ಇಡುವುದಿಲ್ಲವೇ, ಹಾಗೆ. ಮೊದಲ ವರ್ಷ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಅವಳ ತಾಯಿ ಹೀಗೆ ತುತ್ತು ಹಿಡಿದು ನನ್ನ ಮುಖದ ಬಳಿ ತಂದಾಗ ನಾನು ಮುಖ ತಿರುಗಿಸಿದೆ. ಈರುಳ್ಳಿಯ ಕಾರಣಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಸಭೆಯ ಮುಂದೆ ಇಂದು ನಿಜ ಹೇಳುತ್ತೇನೆ: ಈರುಳ್ಳಿ ಅರ್ಧ ಕಾರಣ. ಉಳಿದರ್ಧ ಆ ಕೈ. ನಿನ್ನೆ ಮಾಂಸ ಮುಟ್ಟಿರಬಹುದಾದ ಪರರ ಕೈ ಎಂಬ ಅಸಹ್ಯ. ಅದಕ್ಕೆ ನಮ್ಮ ಊರುಗಳಲ್ಲಿ ಏನು ಹೆಸರೆಂಬುದು ನಿಮಗೆಲ್ಲ ತಿಳಿದೇ ಇದೆ. ಅಹಿಂಸೆ ಎಂಬುದು ಆ ಹೆಸರಲ್ಲ. ಆ ತಾಯಿಯ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅವಳು ನಕ್ಕು, ತುತ್ತನ್ನು ಮಗಳ ಬಾಯಿಗೆ ಇಟ್ಟಳು. ಮರುವಾರದಿಂದ ಆ ಹುಡುಗಿ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಹೋದಳು.

ಈಗ 1984ಕ್ಕೆ ಬರುತ್ತೇನೆ. ಆ ವರ್ಷ ವೊಲ್ಲೋದಲ್ಲಿ ವಸಂತದ ಚಿಕ್ಕ ಮಳೆ ಬರಲಿಲ್ಲ, ದೊಡ್ಡ ಮಳೆಯೂ ಕೈಕೊಟ್ಟಿತು. ಉತ್ತರದಲ್ಲಿ ಅಂತರ್ಯುದ್ಧ ಬೇರೆ ನಡೆದಿತ್ತು. ಸೆಪ್ಟೆಂಬರಿನಲ್ಲಿ ಅಡಿಸ್ ಅಬಾಬಾದಲ್ಲಿ ಕ್ರಾಂತಿಯ ಹತ್ತನೆಯ ವಾರ್ಷಿಕೋತ್ಸವ. ಕಮಾನುಗಳು, ಕೆಂಪು ಬಾವುಟಗಳು, ಮೆರವಣಿಗೆ. ಅದೇ ತಿಂಗಳಲ್ಲಿ ದೆಸ್ಸೀಯನ್ನು ಹಾದುಹೋಗುವ ಹೆದ್ದಾರಿಯ ಅಂಚಿನಲ್ಲಿ, ಮನೆಯಲ್ಲಿದ್ದ ಕೊನೆಯ ಪಾತ್ರೆಯನ್ನು ಮಾರಲು ಹಿಡಿದು ಸಂಸಾರಗಳು ಕುಳಿತಿದ್ದವು. ಉತ್ತರದ ಕೊರೆಮ್ ಎಂಬ ಊರಿನಲ್ಲಿ ಸಾವಿರಾರು ಜನ ಬಯಲಿನಲ್ಲಿ ಬಿದ್ದಿದ್ದಾರೆಂದು ಲಾರಿಯವರು ಹೇಳುತ್ತಿದ್ದರು. ಅಕ್ಟೋಬರ್ ಕೊನೆಯಲ್ಲಿ ಬಿ.ಬಿ.ಸಿ. ಆ ದೃಶ್ಯಗಳನ್ನು ತೋರಿಸಿದ ಮೇಲೆ ಜಗತ್ತಿಗೆ ತಿಳಿಯಿತು. ನಾವು ಅಷ್ಟು ಹತ್ತಿರದಲ್ಲಿದ್ದೂ, ಶಾಲೆಯ ಗಂಟೆ ಹೊಡೆಯುತ್ತಿತ್ತು, ನಾನು ತ್ರಿಕೋನಮಿತಿ ಕಲಿಸುತ್ತಿದ್ದೆ.

ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಹೇಳುವುದಿಲ್ಲ. ದೂರದ ಹಳ್ಳಿಯವನು, ಅಂಥ ಹುಡುಗರು ಮೂರು ನಾಲ್ಕು ಮಂದಿ ಸೇರಿ ಪಟ್ಟಣದಲ್ಲಿ ಒಂದು ಕೋಣೆ ಹಿಡಿದು, ಊರಿನಿಂದ ಬರುವ ಧಾನ್ಯದಲ್ಲಿ ಬೇಯಿಸಿಕೊಂಡು ಓದುತ್ತಿದ್ದರು. ವಿರಾಮದಲ್ಲಿ ಉಳಿದವರು ಕೋಲೋ ಎಂಬ ಹುರಿದ ಜವೆಗೋಧಿಯನ್ನು ಹಂಚಿಕೊಂಡು ತಿನ್ನುವಾಗ ಇವನು ಬೆಂಚಿನಲ್ಲಿಯೇ ಕುಳಿತಿರುತ್ತಿದ್ದ. ಒಂದು ಮಂಗಳವಾರ ನಾನು ಕೇಳಿದೆ, "ತ್ಸೋಮ್?" ಅವನು ಮೆಲ್ಲಗೆ ಉಸಿರನ್ನು ಒಳಗೆಳೆದುಕೊಂಡ. ಹೌದು.

ನಾನು ಏನು ಮಾಡಿದೆ ಗೊತ್ತೇ? ಇಡೀ ತರಗತಿಯನ್ನು ಉದ್ದೇಶಿಸಿ, "ನೋಡಿ, ಇಂದು ಬುಧವಾರವಲ್ಲ, ಶುಕ್ರವಾರವಲ್ಲ. ಆದರೂ ಇವನು ಉಪವಾಸ ಮಾಡುತ್ತಿದ್ದಾನೆ. ಇಂಥ ನಿಗ್ರಹವಿದ್ದವನಿಗೆ ಗಣಿತವೂ ಒಲಿಯುತ್ತದೆ" ಎಂದು ಹೊಗಳಿದೆ. ನಮ್ಮ ಧರ್ಮದಲ್ಲಿ ಉಪವಾಸಕ್ಕೆ ಎಂಥ ಸ್ಥಾನವಿದೆ ಎಂಬುದನ್ನೂ ಹೇಳಿದೆ. ತರಗತಿಯಲ್ಲಿ ಯಾರೂ ಉಸಿರೆಳೆಯಲಿಲ್ಲ. ಕೆಲವರು ತಲೆ ತಗ್ಗಿಸಿದರು. ಅವರಿಗೆಲ್ಲ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿರಲಿಲ್ಲ. ಅವನು ಮಾತ್ರ ಎದ್ದು ನಿಂತು, ಶಿಕ್ಷಕರು ಹೊಗಳಿದಾಗ ನಿಲ್ಲಬೇಕಾದ ಹಾಗೆ, ಕಣ್ಣು ನೆಲಕ್ಕಿಟ್ಟು ನಿಂತಿದ್ದ.

ಅದೇ ವಾರದ ಶುಕ್ರವಾರ ಕಪ್ಪುಹಲಗೆಯ ಮುಂದೆ ಲೆಕ್ಕ ಬಿಡಿಸುತ್ತಿದ್ದವನು ಕುಸಿದು ಬಿದ್ದ. ಸುಣ್ಣದ ಕಡ್ಡಿ ಕೈಯಲ್ಲಿಯೇ ಇತ್ತು. ಎತ್ತಿ ಹೊರಗೆ ತಂದು ಮರದ ಕೆಳಗೆ ಮಲಗಿಸಿದೆವು. ಶಾಲೆಯ ಕಾವಲುಗಾರ ಹೇಳಿದ: ಆಗಸ್ಟಿನಿಂದ ಇವನ ಊರಿನಿಂದ ಕತ್ತೆ ಬಂದಿಲ್ಲ. ಕತ್ತೆಯ ಬೆನ್ನಿನ ಮೇಲೆ ತಿಂಗಳಿಗೊಮ್ಮೆ ಧಾನ್ಯ ಬರುತ್ತಿತ್ತು.

ನನ್ನ ಬಳಿ ಥರ್ಮಾಸಿನಲ್ಲಿ ಬಿಸಿ ಹಾಲಿತ್ತು. ಲೋಟಕ್ಕೆ ಬಗ್ಗಿಸಿ, ಸಕ್ಕರೆ ಹಾಕಿ, ಅವನ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದು ತುಟಿಗೆ ಇಟ್ಟೆ. ಅವನು ಬಾಯಿ ಮುಚ್ಚಿದ. "ಕುಡಿ ಮಗನೇ" ಎಂದೆ. ತಲೆಯಾಡಿಸಿದ. ಅವನ ಕಣ್ಣಿನಲ್ಲಿ ನೀರಿತ್ತು; ಕ್ಷಮೆ ಕೇಳುವವನ ಹಾಗೆ, "ಟೀಚರ್, ಇಂದು ಶುಕ್ರವಾರ" ಎಂದ.

ಸಭಿಕರೇ, ನಾನು ಉಪವಾಸಗಳನ್ನು ಮಾಡಿದ್ದೇನೆ, ನೋಂಪಿಗಳನ್ನು ನೋಂತಿದ್ದೇನೆ, ಅನಂತ ಚತುರ್ದಶಿಯಂದು ಬಸದಿಯಲ್ಲಿ ಸನ್ಮಾನವನ್ನೂ ಪಡೆದಿದ್ದೇನೆ. ನನ್ನ ಪಾರಣೆಗೆ ಯಾವಾಗಲೂ ಮನೆಯಲ್ಲಿ ಯಾರೋ ಎದ್ದು ಅಡಿಗೆ ಮಾಡಿರುತ್ತಿದ್ದರು.

ಕಾವಲುಗಾರನ ಹೆಂಡತಿ ಗೇಟಿನ ಪಕ್ಕದ ಒಂದೇ ಕೋಣೆಯ ಮನೆಯಲ್ಲಿದ್ದಳು. ಅವಳು ನಮ್ಮ ಗದ್ದಲವನ್ನು ನೋಡಿ ಒಳಗೆ ಹೋಗಿ, ತಟ್ಟೆಯಲ್ಲಿ ಇಂಜೆರಾ ಹಾಸಿ, ಮೇಲೆ ಶಿರೋ ಹೊಯ್ದು ತಂದಳು. ಶಿರೋ ಎಂದರೆ ಕಡಲೆ ಹಿಟ್ಟಿನ ಜುಣುಕದಂಥದು, ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದು. ಅಂದು ಅವರ ಮನೆಗೆಲ್ಲ ಇದ್ದ ಊಟ ಅಷ್ಟೇ ಎಂಬುದು ಆಮೇಲೆ ತಿಳಿಯಿತು. ಅವಳು ಮಣ್ಣಿನಲ್ಲಿಯೇ ಕುಳಿತು, ಚಿಕ್ಕ ಚಿಕ್ಕ ತುತ್ತು ಮಾಡಿ ಅವನ ಬಾಯಿಗೆ ಇಟ್ಟಳು. ಒಂದು, ಎರಡು, ಮೂರು. ಅವನು ಎದ್ದು ಕುಳಿತ. ಸಾಲಿನಲ್ಲಿ ನಾನು ಅವನ ಪಕ್ಕದಲ್ಲಿದ್ದೆ. ಅವಳು ಏನನ್ನೂ ಯೋಚಿಸದೆ, ಪಂಕ್ತಿಯಲ್ಲಿ ಕುಳಿತವರನ್ನು ಬಿಡಬಾರದೆಂಬ ಅಭ್ಯಾಸದಿಂದ, ಮುಂದಿನ ತುತ್ತನ್ನು ನನ್ನ ಕಡೆಗೆ ಹಿಡಿದಳು.

ನಾನು ಬಾಯಿ ತೆರೆದೆ.

ಅದರ ರುಚಿಯನ್ನು ಕೇಳಬೇಡಿ. ಹುಳಿಯಾಗಿತ್ತು, ಖಾರವಾಗಿತ್ತು, ಗಂಟಲಿನಲ್ಲಿ ಇಳಿಯಲಿಲ್ಲ, ಆಮೇಲೆ ಇಳಿಯಿತು. ಸಂಜೆ ಮನೆಗೆ ಹೋಗಿ ಪ್ರಾಯಶ್ಚಿತ್ತವೆಂದು ಮರುದಿನದ ಉಪವಾಸಕ್ಕೆ ಸಂಕಲ್ಪ ಮಾಡಲು ಕುಳಿತೆ. ಉಪವಾಸ ಎಂಬ ಶಬ್ದವನ್ನು ಬಾಯಿಯಿಂದ ಹೊರಡಿಸಲು ಆಗಲಿಲ್ಲ. ಆ ಊರಿನಲ್ಲಿ, ಆ ತಿಂಗಳಿನಲ್ಲಿ, ಅದು ಒಂದು ಬಗೆಯ ಅಣಕದಂತೆ ಕೇಳಿಸಿತು. ನಮ್ಮ ಯಜಮಾನರು ವಿಷಯ ಕೇಳಿ ಸುಮ್ಮನೆ ಸಂಬಳದ ಲಕೋಟೆಯನ್ನು ತಂದು ಮುಂದಿಟ್ಟರು. ಶಿಕ್ಷಕರೆಲ್ಲ ಸೇರಿ ಧಾನ್ಯ ಕೊಂಡು ಕಾವಲುಗಾರನ ಮನೆಯಲ್ಲಿ ಹಳ್ಳಿಯ ಹುಡುಗರಿಗೆ ಒಂದು ಹೊತ್ತಿನ ಅಡಿಗೆಯ ಏರ್ಪಾಟು ಮಾಡಿದೆವು. ಅದನ್ನು ದೊಡ್ಡದಾಗಿ ಹೇಳಿಕೊಳ್ಳುವಂತಿಲ್ಲ. ಹೆದ್ದಾರಿಯಲ್ಲಿ ಕುಳಿತವರ ಲೆಕ್ಕಕ್ಕೆ ಅದು ಏನೂ ಅಲ್ಲ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ, ಕೆಲವರಿಗೆ ಬೇಸರವಾಗಬಹುದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲು ಆರಂಭಿಸಿದಾಗ, ಅದನ್ನು ನಿಲ್ಲಿಸಬೇಕೆಂಬ ಮನವಿಗೆ ಸಹಿ ಹಾಕಿರೆಂದು ನನ್ನ ಮೊಬೈಲಿಗೂ ಸಂದೇಶ ಬಂದಿತು. ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಕೊಡುವ ಏರ್ಪಾಟಿತ್ತು. ನಾನು ಮೊಟ್ಟೆಯನ್ನು ತಿನ್ನುವವಳಲ್ಲ, ನನ್ನ ಮನೆಗೆ ತರುವವಳೂ ಅಲ್ಲ. ಆದರೆ ಪುಣೆಯ ಫ್ಲ್ಯಾಟಿನಲ್ಲಿ ಉಂಡು ಕುಳಿತು, ಯಾದಗಿರಿಯ ಮಗುವೊಂದು ಏನನ್ನು ತ್ಯಜಿಸಬೇಕೆಂದು ನಿರ್ಧರಿಸಲು ನನ್ನ ಬೆರಳು ಏಳಲಿಲ್ಲ. ತ್ಯಾಗ ಮಾಡುವವನ ಬಳಿ ಮೊದಲು ಆ ವಸ್ತು ಇರಬೇಕು. ಮಂಗಳವಾರ ಆ ಹುಡುಗನ ಬಳಿ ಏನೂ ಇರಲಿಲ್ಲ. ಅದನ್ನು ನಾನು ವ್ರತವೆಂದು ಕರೆದೆ. ಶುಕ್ರವಾರ ಅವನ ತುಟಿಯ ಮುಂದೆ ಹಾಲಿತ್ತು, ಬೇಡವೆಂದವನು ಅವನೇ.

ಅಂದಿನ ರಾತ್ರಿ ಅತ್ತೆಯವರಿಗೆ ಏರೋಗ್ರಾಮ್ ಬರೆದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಈರುಳ್ಳಿ ತಿಂದೆ, ಬೆಳ್ಳುಳ್ಳಿ ತಿಂದೆ, ಮೂರು ದಿನದ ಹಿಟ್ಟಿನದನ್ನು ತಿಂದೆ, ಪರರ ಕೈಯಿಂದ ತಿಂದೆ ಎಂದು ಒಂದೊಂದನ್ನೂ ಬರೆದೆ. ಅವರು ನೀರನ್ನು ಬಟ್ಟೆಯಲ್ಲಿ ಸೋಸದೆ ಮುಟ್ಟದವರು, ಚಾತುರ್ಮಾಸದಲ್ಲಿ ಹಸಿರು ಸೊಪ್ಪನ್ನೂ ಬಿಡುವವರು. ಏನು ಪ್ರಾಯಶ್ಚಿತ್ತ ವಿಧಿಸುತ್ತಾರೋ ಎಂದು ಕಾದೆ.

ಉತ್ತರ ಬರುವುದರೊಳಗೆ ಎರಡು ತಿಂಗಳು ಕಳೆದವು. ಆ ನಡುವೆ ಸರ್ಕಾರ ವೊಲ್ಲೋದ ಬರಪೀಡಿತ ಸಂಸಾರಗಳನ್ನು ದೇಶದ ನೈಋತ್ಯದ ಕಾಡುಸೀಮೆಗೆ ಸಾಗಿಸಲು ತೊಡಗಿತ್ತು. ಕೆಲವರು ಒಪ್ಪಿ ಹೋದರು, ಅನೇಕರನ್ನು ಒಯ್ದರು. ಒಂದು ಬೆಳಿಗ್ಗೆ ಆ ಹುಡುಗನ ತಂದೆ ಶಾಲೆಗೆ ಬಂದ. ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದು, ಅವರ ಪದ್ಧತಿಯಂತೆ ಬಾಗಿ ನನ್ನ ಕೈ ಹಿಡಿದುಕೊಂಡ. ಮಗನನ್ನು ಕರೆದುಕೊಂಡು ಹೋದ. ಹುಡುಗ ಲೆಕ್ಕದ ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದ. ಅದರಲ್ಲಿ ಬರೆಯದ ಹಾಳೆಗಳು ಬಹಳ ಉಳಿದಿದ್ದವು. ಯಾರಿಗಾದರೂ ಉಪಯೋಗವಾಗಲಿ ಎಂದು ಇಟ್ಟನೆಂದು ಅವನ ಗೆಳೆಯರು ಹೇಳಿದರು.

ಜನವರಿಯಲ್ಲಿ ಅತ್ತೆಯವರ ಪತ್ರ ಬಂದಿತು. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಮೈದುನನ ಕೈಯಿಂದ ಬರೆಸಿದ್ದರು. ಜೋಳದ ಬೆಳೆ ಚೆನ್ನಾಗಿದೆ, ಎಮ್ಮೆ ಈದಿದೆ, ಬಸದಿಗೆ ಸುಣ್ಣ ಹೊಡೆಸಿದ್ದಾರೆ. ಈರುಳ್ಳಿಯ ವಿಷಯ ಎಲ್ಲಿಯೂ ಇರಲಿಲ್ಲ. ಪತ್ರವನ್ನು ಎರಡು ಸಲ ತಿರುವಿ ಹಾಕಿದೆ. ಕೊನೆಯಲ್ಲಿ, ಅಂಚಿನ ಖಾಲಿ ಜಾಗದಲ್ಲಿ, ಮೈದುನ ಓರೆಯಾಗಿ ಒಂದು ಸಾಲು ಬರೆದಿದ್ದ: "ಅವ್ವ ಕೇಳಾಕತ್ತಾಳ, ಆ ಹುಡುಗ ಸಾಲಿಗೆ ಬರಾಕತ್ತಾನಿಲ್ಲೋ?"

ಆ ಪ್ರಶ್ನೆಗೆ ಉತ್ತರ ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು.